ಹದಿನಾಲ್ಕನೆಯ ಪೆಟ್ಟಿಗೆ

ಬೆಲೆ ಬರೆಯಲೆಂದು ರಟ್ಟಿನ ತುಂಡೊಂದನ್ನು ಕತ್ತರಿಸಿ
ಮೂರು ದಿನವಾಯಿತು.
ಅರ್ವಿಕಾದಲ್ಲಿ ಏಪ್ರಿಲ್. ಶೆಡ್ಡಿನ ಉತ್ತರದ ಗೋಡೆಗೆ ಒರಗಿ
ಇನ್ನೂ ಒಂದು ಮೊಳ ಹಿಮ, ಮಸಿ ಹಿಡಿದದ್ದು.
ಒಳಗೆ ನಾಲ್ಕು ಮರದ ದಿಮ್ಮಿಗಳ ಮೇಲೆ
ಅರವತ್ತಾರರ ವೋಲ್ವೋ ಅಮೆಜಾನ್,
ಬಾಗಿಲಿಲ್ಲ, ದೀಪಗಳಿಲ್ಲ,
ಎಡಗಡೆಗೆ ಮಾತ್ರ ಪ್ರೈಮರ್ ಬಳಿದುಕೊಂಡು
ಅರ್ಧ ಕ್ಷೌರಕ್ಕೇ ಎದ್ದು ಬಂದವನ ಹಾಗೆ.

ರಸೀದಿಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ.
ಕೂಡಿಸಿದೆ. ಒಂದು ಲಕ್ಷ ಹನ್ನೆರಡು ಸಾವಿರ ಕ್ರೋನಾ.
ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ,
ಎರಡು ಸಾವಿರ ಹೆಚ್ಚೇ ಬಂತು.
ಮೂರನೆಯ ಸಲ ಕೂಡಿಸುವ ಧೈರ್ಯವಾಗಲಿಲ್ಲ.

ರಾಗ್ನರ್ ಬಂದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ
ಗ್ರೀಸಿನ ಕೈಯಲ್ಲೇ ಉಂಡವನು.
ಕಲ್ಲಂಗಡಿ ಕೊಳ್ಳುವವರ ಹಾಗೆ
ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ತಟ್ಟುತ್ತ ಹೋದ.
"ಟಣ್ ಎಂದಲ್ಲಿ ನಿನ್ನ ದುಡ್ಡಿದೆ, ಬದ್ ಎಂದಲ್ಲಿ ಇಲ್ಲ.
ಇಷ್ಟೇ ಲೆಕ್ಕ, ಸಿಗ್ರಿಡ್.
ನಿನ್ನ ಸಂಜೆಗಳನ್ನು ಯಾರೂ ಕೊಳ್ಳುವುದಿಲ್ಲ.
ಬಿಚ್ಚಿದ ಕಾರಿಗೆ ಬಿಚ್ಚದ ಕಾರಿನ ಅರ್ಧ ಬೆಲೆ.
ಇಡಿಯಾಗಿದ್ದರೆ ಕೆಟ್ಟದ್ದು ಕಾಣುವುದಿಲ್ಲ,
ಪೆಟ್ಟಿಗೆಯಲ್ಲಿದ್ದರೆ ಕಳೆದದ್ದೇ ಕಾಣುತ್ತದೆ."

ಸೀಟಿನ ಹೊಸ ಹೊದಿಕೆ ತೋರಿಸಿದೆ. ಕೆಂಪು,
ಪ್ಲಾಸ್ಟಿಕ್ಕಿನೊಳಗೆ ಇನ್ನೂ ಅಂಗಡಿಯ ವಾಸನೆ.
ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ.
ಅವನು ನಗಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ರಟ್ಟಿನ ಮೇಲೆ ಬರೆಯಲಾಗದ್ದನ್ನು ಹೇಳಿಬಿಡುತ್ತೇನೆ:
ನನಗೆ ಬಿಚ್ಚುವುದು ಇಷ್ಟ.
ತುಕ್ಕಿಗೆ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು,
ಬೆಳಿಗ್ಗೆ ಬೋಲ್ಟು ಹೂಂ ಎನ್ನುವಾಗಿನ ಆ ಗಳಿಗೆ.
ಅಂಥವು ಆರುನೂರಿದ್ದವು. ಆರುನೂರೂ ಮುಗಿದವು.
ಜೋಡಿಸಲು ಕೂತರೆ ಆಕಳಿಕೆ.
ಇದಕ್ಕೆಷ್ಟು ಕಳೆಯಬೇಕು, ರಾಗ್ನರ್?

ನನಗಿಂತ ಮುಂಚೆ ಇದು ಪಾದ್ರಿಯೊಬ್ಬರ ಬಳಿ ಇತ್ತು,
ಅವರಿಗಿಂತ ಮುಂಚೆ ಇಬ್ಬರು ಅಣ್ಣತಮ್ಮಂದಿರ ಬಳಿ.
ಮೂರು ಮನೆ ಕಂಡಿದೆ, ಮೂರಕ್ಕೂ ಟ್ರೇಲರಿನ ಮೇಲೇ ಹೋಗಿದೆ.
ಮಾರುವಾಗ ಎಲ್ಲರೂ ಬರೆದದ್ದು ಒಂದೇ ಮಾತು:
ಬಹುಪಾಲು ಮುಗಿದಿದೆ.
(ಪಾದ್ರಿ ಅದನ್ನು ಬಾಯಲ್ಲೂ ಹೇಳಿದ್ದರು,
ಭಾನುವಾರದ ದನಿಯಲ್ಲಿ. ನಾನು ನಂಬಿದ್ದೆ.)
ಪೆಟ್ಟಿಗೆಗಳ ಮೇಲೆ ಮೂರು ಬಗೆಯ ಕೈಬರಹ.
ಹದಿನಾಲ್ಕನೆಯದರ ಮೇಲೆ ಅಣ್ಣನದೋ ತಮ್ಮನದೋ:
ಎಲ್ಲಿಯದೋ ಗೊತ್ತಿಲ್ಲ. ಎಸೆಯಬೇಡ.

ಶನಿವಾರ ಗಡಿಯಾಚೆಯಿಂದ ಎಸ್ಪೆನ್ ಬಂದ,
ಕೊಂಗ್ಸ್‌ವಿಂಗರಿನ ಹಲ್ಲಿನ ಡಾಕ್ಟರು,
ಜೇಬಿನಲ್ಲಿ ಕಸುಬಿನ ಪುಟ್ಟ ಕನ್ನಡಿ ಕೋಲು.
ರಟ್ಟಿನಲ್ಲಿ ಮೂವತ್ತೆಂಟು ಸಾವಿರ ಬರೆದು,
ಹೊಡೆದು, ಇಪ್ಪತ್ತೊಂಬತ್ತು ಮಾಡಿದ್ದೆ.
ಹೊಡೆದದ್ದು ಕಾಣಬೇಕೆಂಬುದು ರಾಗ್ನರನ ಉಪಾಯ.
"ಸ್ವೀಡನ್ನಿನ ಕ್ರೋನಾವೋ, ನಮ್ಮದೋ?"
"ಇವತ್ತು ಯಾವುದು ತೂಕವೋ ಅದು."

ಬಾಗಿಲಿನ ಅಂಚಿಗೆ ಎರಡು ಸಾವಿರ ಇಳಿಸಿದ,
ಇಂಧನದ ಟ್ಯಾಂಕಿಗೆ ಮತ್ತೊಂದು.
ಕನ್ನಡಿ ತೂರಿಸಿದಲ್ಲೆಲ್ಲ ಹುಳುಕು.
ಬಾಯಿ ತೆರೆದು ಕೂತ ರೋಗಿಯ ಹಾಗೆ ನಾನು
ಸುಮ್ಮನೆ ಚಾವಣಿ ನೋಡುತ್ತಿದ್ದೆ.
ಆಮೇಲೆ ಹದಿನಾಲ್ಕನೆಯ ಪೆಟ್ಟಿಗೆಗೆ ಬಂದ.
ಹೆಬ್ಬೆರಳಿನಷ್ಟು ಸ್ಪ್ರಿಂಗೊಂದನ್ನು ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ,
ಕೆಳಗಿಡಲಿಲ್ಲ.
ಆ ಮುಖ ನನಗೆ ಗೊತ್ತು.
ಹನ್ನೊಂದು ವರ್ಷ ಹಲ್ಲುಜ್ಜುವಾಗ ನೋಡಿದ್ದೇನೆ.

"ಗೇರ್‌ಬಾಕ್ಸು?" ಎಂದ, ದನಿ ತಗ್ಗಿಸಿ.
"ಅದೊಂದು ಇಡಿಯಾಗಿದೆ. ಯಾರೂ ಮುಟ್ಟಿಲ್ಲ."
"ಅಣ್ಣತಮ್ಮಂದಿರೂ?"
"ಪಾದ್ರಿಯೂ."
ಚೌಕಾಸಿ ಅಲ್ಲಿಗೆ ನಿಂತಿತು.
ಇಳಿಸಿದ್ದರಲ್ಲಿ ಒಂದು ಸಾವಿರವನ್ನು ತಾನೇ ಮೇಲೇರಿಸಿದ.

ಹಾಳೆಯಲ್ಲಿ ಹೆಸರು, ತಾರೀಖು, ಮೊತ್ತ ಬರೆದೆ.
ಸ್ಥಿತಿ ಎಂಬಲ್ಲಿ ಪೆನ್ನು ನಿಂತಿತು.
ಹೊರಗೆ ಟ್ರೇಲರಿನ ಸರಪಳಿ ಬಿಗಿಯುವ ಸದ್ದು.
ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು.
ನುಂಗಿ ಬರೆದೆ:
ಗೇರ್‌ಬಾಕ್ಸ್ ಬಿಚ್ಚಿಲ್ಲ.